ಮಳೆಗಾಲದ ಮನೆಶಾಲೆ: ಕೈಯಿಂದ ಕಲಿತ ಲೆಕ್ಕವನ್ನು ಕಾಗದಕ್ಕೆ ಇಳಿಸುವುದು ಹೇಗೆ?

ಪ್ರಶ್ನೆ: ಹೊಳೆಬದಿಯ ತಾಯಿ, ನಾಪೋಕ್ಲು ಕಡೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲಿನ ಸಮೀಪ ಒಂದು ಸಣ್ಣ ಕಾಫಿ ತೋಟದಲ್ಲಿ ನಮ್ಮ ವಾಸ. ಹನ್ನೆರಡು ವರ್ಷದ ಮಗಳು ಮತ್ತು ಎಂಟು ವರ್ಷದ ಮಗ ಇಬ್ಬರೂ ಶಾಲೆಗೆ ಹೋಗದೆ ಮನೆಯಲ್ಲಿಯೇ ಕಲಿಯುತ್ತಿದ್ದಾರೆ. ಮನೆಮಾತು ಅರೆಭಾಷೆ, ಓದು ಬರಹ ಕನ್ನಡದಲ್ಲಿ, ಅದರ ಜೊತೆಗೆ ಸ್ವಲ್ಪ ಇಂಗ್ಲಿಷ್. ಕೆಲಸ ಮಾಡುತ್ತಾ ಕಲಿಯಬೇಕು ಎಂಬುದು ನಾನು ಮತ್ತು ನನ್ನ ಪತಿ ಯೋಚಿಸಿಯೇ ಕೈಗೊಂಡ ನಿರ್ಧಾರವಾದ್ದರಿಂದ ಅದರ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಪ್ರಶ್ನೆ ಅದರ ಮುಂದಿನ ಹೆಜ್ಜೆಯದು.

ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಪಾಠವನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ. ಮೊದಲು ಅರೇಬಿಕಾ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಹಣ್ಣನ್ನು ನೀರಿಗೆ ಹಾಕಿ ತೇಲುವ ಜೊಳ್ಳನ್ನು ತೆಗೆಯುವುದು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಬಂದ ಬೀಜದ ಲೋಳೆ ಕಳೆಯುವವರೆಗೆ ತೊಟ್ಟಿಯಲ್ಲಿ ಬಿಟ್ಟು ತೊಳೆಯುವುದು, ಕಣದಲ್ಲಿ ಹರಡಿ ಗಂಟೆಗೊಮ್ಮೆ ಕೈಯಾಡಿಸುವುದು, ಸಂಜೆ ಕುಯ್ದ ಹಣ್ಣಿನ ತೂಕ ಹಾಕುವುದು, ಇವೆಲ್ಲದರಲ್ಲಿಯೂ ಮಕ್ಕಳು ಇರುತ್ತಾರೆ. ವ್ಯಾಪಾರಿಗೆ ಮಾಲು ಕೊಡುವ ಮೊದಲು ಮಗಳು ಒಣಗಿದ ಚೆರ್ರಿಯಲ್ಲಿ ಸರಿಯಾಗಿ 100 ಗ್ರಾಂ ತೂಗಿ, ಸಿಪ್ಪೆ ಸುಲಿದು, ಬೀಜವನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡುತ್ತಾಳೆ. 52 ಗ್ರಾಂ ಬಂದರೆ, ‘50 ಕಿಲೋ ಚೀಲಕ್ಕೆ 26 ಕಿಲೋ ಬೀಜ, ಅಂದರೆ ಔಟ್‌ಟರ್ನ್ 26’ ಎಂದು ಕ್ಷಣದಲ್ಲಿ ಹೇಳುತ್ತಾಳೆ. ಆ ದಿನದ ದರದಿಂದ ಗುಣಿಸಿ ಚೀಲದ ಬೆಲೆಯನ್ನೂ ಬಾಯಲ್ಲೇ ಹೇಳುತ್ತಾಳೆ.

ತೊಡಕು ಇರುವುದು ಇಲ್ಲಿಯೇ. ಅದೇ ಲೆಕ್ಕವನ್ನು ಹಂತ ಹಂತವಾಗಿ ಬರೆದು ತೋರಿಸು ಎಂದರೆ ಅವಳು ಪೆನ್ಸಿಲ್ ಕೆಳಗಿಡುತ್ತಾಳೆ. ನಮ್ಮ ಮಾವನವರು ಬಹಳ ಕಾಲದಿಂದ ಮಳೆಯ ಲೆಕ್ಕವನ್ನು ಇಂಚು ಮತ್ತು ಸೆಂಟುಗಳಲ್ಲಿ (ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟು) ಡೈರಿಯಲ್ಲಿ ಬರೆದಿಡುತ್ತಾರೆ. ಈಗ ಬೆಳಿಗ್ಗೆ ಅಳತೆ ಗಾಜನ್ನು ನೋಡುವ ಕೆಲಸ ಮಗಳದು. ‘ಮೂರು ಇಂಚು ಐದು ಸೆಂಟು’ ಎಂದು ತಪ್ಪಿಲ್ಲದೆ ಓದುತ್ತಾಳೆ, ಆದರೆ ಪುಸ್ತಕದಲ್ಲಿ 3.5 ಎಂದು ಬರೆಯುತ್ತಾಳೆ. ತಿದ್ದಿದರೆ ಆ ದಿನಕ್ಕೆ 3.05 ಆಗುತ್ತದೆ, ಮತ್ತೊಂದು ದಿನ ಅದೇ ತಪ್ಪು ಮರುಕಳಿಸುತ್ತದೆ. ಬಾಯಿಯಲ್ಲಿ ಇರುವ ತಿಳಿವಳಿಕೆ ಕೈಬರಹಕ್ಕೆ ಏಕೆ ಇಳಿಯುತ್ತಿಲ್ಲ?

ಜೂನ್ ಬಂದ ಮೇಲೆ ಇದು ಇನ್ನಷ್ಟು ಕಾಡುತ್ತದೆ. ತೋಟದ ಕೆಲಸಗಳಲ್ಲಿ ಹೆಚ್ಚಿನವು ಮಕ್ಕಳನ್ನು ಕರೆದುಕೊಂಡು ಹೋಗುವಂಥವಲ್ಲ; ಕರೆಂಟು ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ಒಮ್ಮೊಮ್ಮೆ ರಸ್ತೆಯೂ ಇರುವುದಿಲ್ಲ. ಮನೆಯೊಳಗೇ ಕುಳಿತಾಗ ಅಭ್ಯಾಸ ಪುಸ್ತಕದ ಪುಟಗಳನ್ನು ತುಂಬಿಸುವುದೊಂದೇ ದಾರಿ ಎನಿಸತೊಡಗುತ್ತದೆ, ಆದರೆ ಹಾಗೆ ಮಾಡಿದ ವಾರದಲ್ಲಿ ಇಬ್ಬರ ಮುಖದಲ್ಲಿಯೂ ಉತ್ಸಾಹ ಇಳಿದಿರುವುದು ಕಾಣುತ್ತದೆ. ಮಳೆಗಾಲದಲ್ಲಿ ಮನೆಯ ಒಳಗೂ ಜಗಲಿಯಲ್ಲೂ ಮಾಡಬಹುದಾದ, ನಿಜವಾದ, ಮತ್ತು ಬರವಣಿಗೆಯ ಕಡೆಗೆ ಸಹಜವಾಗಿ ಕೊಂಡೊಯ್ಯುವ ಕೆಲಸಗಳು ಯಾವುವು ಎಂದು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಗದ್ದೆಬದು, ಸುಂಟಿಕೊಪ್ಪ ಕಡೆ

ನಮ್ಮ ಇಬ್ಬರು ಮಕ್ಕಳೂ ಮನೆಯಲ್ಲಿಯೇ ಕಲಿಯುತ್ತಿದ್ದಾರೆ, ಆದ್ದರಿಂದ ತಮ್ಮ ಪ್ರಶ್ನೆ ನನಗೆ ಬಹಳ ಹತ್ತಿರದ್ದು. ಮಳೆಮಾಪಕ ತಮ್ಮ ಮನೆಯಲ್ಲಿ ಆಗಲೇ ಇರುವುದರಿಂದ ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ನಾಲ್ಕು ತಿಂಗಳಿಗೆ ಸಾಲುವಷ್ಟು ಗಣಿತ ಅದೊಂದರಲ್ಲಿಯೇ ಇದೆ.

ಮಕ್ಕಳು ಮತ್ತೊಂದು ಮಾಪಕವನ್ನು ತಾವೇ ತಯಾರಿಸಲಿ. ಬದಿ ನೇರವಾಗಿರುವ, ಕೆಳಗೂ ಮೇಲೂ ಒಂದೇ ಅಗಲವಿರುವ ಡಬ್ಬಿ ಸಾಕು. ಮರದಿಂದಲೂ ಸೂರಿನಿಂದಲೂ ದೂರದಲ್ಲಿ, ಆ ಮರ ಅಥವಾ ಸೂರಿನ ಎತ್ತರದ ಎರಡು ಪಟ್ಟಾದರೂ ಆಚೆ, ನೆಲದ ಹನಿ ಸಿಡಿದು ಒಳಗೆ ಬೀಳದಂತೆ ಬಾಯಿ ಸುಮಾರು ಒಂದು ಅಡಿ ಎತ್ತರದಲ್ಲಿರುವಂತೆ ನಿಲ್ಲಿಸಬೇಕು. ಅಳತೆ ಬೆಳಿಗ್ಗೆ 8.30ಕ್ಕೆ ಆಗಲಿ, ಹವಾಮಾನ ಇಲಾಖೆಯವರ ಮಳೆಯ ದಿನ ಮುಗಿಯುವುದೂ ಆ ಹೊತ್ತಿಗೇ, ಆದ್ದರಿಂದ ಅವರ ಅಂಕಿಗಳೊಂದಿಗೆ ಹೋಲಿಸಿ ನೋಡಬಹುದು. ನಮ್ಮ ಕಡೆಯ ಜುಲೈ ಮಳೆಗೆ ಡಬ್ಬಿ ತುಂಬಿ ಹರಿಯುವ ಸಂಭವವಿದ್ದರೆ ಸಂಜೆಯೂ ಒಮ್ಮೆ ಅಳೆದು ಎರಡನ್ನೂ ಕೂಡಿಸಬೇಕು.

ಮಗಳಿಗೆ ಆಸಕ್ತಿ ಹುಟ್ಟಿದ ಮೇಲೆ ಲಾಳಿಕೆ ಕೂಡಿಸಿ ನೋಡಿ. ಬಾಯಿ 20 ಸೆಂಟಿಮೀಟರ್ ಅಗಲದ ಲಾಳಿಕೆಯನ್ನು 10 ಸೆಂಟಿಮೀಟರ್ ಅಗಲದ ಬಾಟಲಿಯ ಮೇಲಿಟ್ಟರೆ ಒಳಗಿನ ನೀರು ಎಷ್ಟು ಪಟ್ಟು ಎತ್ತರಕ್ಕೆ ನಿಲ್ಲುತ್ತದೆ ಎಂದು ಮೊದಲು ಕೇಳಿ. ಎರಡು ಪಟ್ಟು ಎಂಬ ಉತ್ತರ ಬರುವುದೇ ಹೆಚ್ಚು. ಪಕ್ಕದ ಡಬ್ಬಿಯಲ್ಲಿ 5 ಮಿಲಿಮೀಟರ್ ಇದ್ದಾಗ ಇಲ್ಲಿ 20 ಮಿಲಿಮೀಟರ್ ನಿಂತಿರುವುದನ್ನು ಕಣ್ಣಾರೆ ಕಂಡಾಗ, ಅಗಲ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಮತ್ತೆ ವಿವರಿಸಬೇಕಾಗುವುದಿಲ್ಲ. ಈ ಲಾಳಿಕೆ ಮಾಪಕ ಮಾರ್ಚ್ ತಿಂಗಳ ಹೂಮಳೆಗೆ ಹೇಳಿ ಮಾಡಿಸಿದ್ದು, ಏಕೆಂದರೆ ಆಗ ಪ್ರತಿ ಸೆಂಟಿಗೂ ಬೆಲೆಯಿದೆ. ಸಾಲದೆ ಬಂದ ಹೂಮಳೆಗೆ ಮೊಗ್ಗು ಸರಿಯಾಗಿ ಅರಳುವುದಿಲ್ಲ ಎಂಬುದು ತೋಟದ ಮಕ್ಕಳಿಗೆ ಗೊತ್ತಿರುವ ವಿಷಯವೇ.

ದಶಮಾಂಶದ ತಪ್ಪಿನ ಬಗ್ಗೆ ನನ್ನ ಸಲಹೆ ಇಷ್ಟು: 3.5 ಮತ್ತು 3.05ರ ನಡುವಿನ ಅಂತರ ಎಷ್ಟು ನೀರು ಎಂದು ಅವಳೇ ಲೆಕ್ಕ ಹಾಕಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್ ನೀರು. ಒಂದು ಇಂಚು 25.4 ಮಿಲಿಮೀಟರ್, ಒಂದು ಎಕರೆ ಸುಮಾರು 4047 ಚದರ ಮೀಟರ್. ಹಾಗಾದರೆ ಒಂದು ಎಕರೆಗೆ ಒಂದು ಇಂಚು ಮಳೆಯೆಂದರೆ ಒಂದು ಲಕ್ಷದ ಎರಡು ಸಾವಿರ ಲೀಟರಿಗೂ ಮೇಲಾಯಿತು. ಚುಕ್ಕಿಯ ನಂತರ ಒಂದು ಸೊನ್ನೆ ಬಿಟ್ಟದ್ದಕ್ಕೆ ಎಕರೆಯೊಂದಕ್ಕೆ ಸುಮಾರು 46 ಸಾವಿರ ಲೀಟರ್ ನೀರು ಇಲ್ಲದೆಯೇ ಬಂದಂತಾಯಿತು ಎಂದು ತಾನೇ ಕಂಡುಕೊಂಡರೆ ಅವಳು ಆ ಸೊನ್ನೆಯನ್ನು ಹಗುರವಾಗಿ ಕಾಣುವುದಿಲ್ಲ.

ಇನ್ನೊಂದು ಮಾತು. ನಮ್ಮ ಮಕ್ಕಳೂ ಮಳೆ ಅಳೆಯುತ್ತಾರೆ. ಪಶ್ಚಿಮದ ಅಂಚಿನಲ್ಲಿ ಘಟ್ಟಕ್ಕೆ ಮೋಡ ಬಡಿದು ಸುರಿಯುವ ಮಳೆ ಪೂರ್ವಕ್ಕೆ ಸರಿದಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಪಶ್ಚಿಮದ ಭಾಗಮಂಡಲದ ಮಳೆಗೂ ಪೂರ್ವದ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ. ನಾಪೋಕ್ಲು ಮತ್ತು ಸುಂಟಿಕೊಪ್ಪದ ಮಕ್ಕಳು ವಾರಕ್ಕೊಮ್ಮೆ ಅಂಕಿಗಳನ್ನು ಬದಲಾಯಿಸಿಕೊಂಡರೆ ಒಂದೇ ರೇಖಾನಕ್ಷೆಯ ಮೇಲೆ ಎರಡು ಗೆರೆ ಎಳೆಯಬಹುದು. ತಮ್ಮ ಒಪ್ಪಿಗೆಯಿದ್ದರೆ ನಾವು ಸಿದ್ಧರಿದ್ದೇವೆ.

ಉತ್ತರ: ನಿವೃತ್ತ ಶಿಕ್ಷಕಿ, ಸೋಮವಾರಪೇಟೆ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಮನೆಶಾಲೆಯ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ಮಕ್ಕಳು ಇಷ್ಟು ಶ್ರದ್ಧೆಯಿಂದ ತೂಗಿ ಅಳೆಯುತ್ತಿರುವುದನ್ನು ಓದಿ ಸಂತೋಷವಾಯಿತು. ಮಾಪಕದ ಬಗ್ಗೆ ಮೇಲೆ ಬರೆದಿರುವುದೆಲ್ಲವೂ ಸರಿಯಾಗಿದೆ, ಆದರೆ 46 ಸಾವಿರ ಲೀಟರಿನ ಲೆಕ್ಕದಿಂದ ದಶಮಾಂಶದ ತಪ್ಪು ನಿಲ್ಲುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಅದರಿಂದ ತಪ್ಪು ದೊಡ್ಡದೆಂದು ತಿಳಿಯುತ್ತದೆ, ತಪ್ಪು ಏಕೆ ಆಯಿತೆಂದು ತಿಳಿಯುವುದಿಲ್ಲ.

ಐದು ಸೆಂಟನ್ನು ಆ ಹುಡುಗಿ .5 ಎಂದು ಬರೆಯುವುದಕ್ಕೆ ಅಜಾಗರೂಕತೆ ಕಾರಣವಲ್ಲ. ಅವಳ ಮನಸ್ಸಿನಲ್ಲಿ ಚುಕ್ಕಿಯು ಇಂಚನ್ನೂ ಸೆಂಟನ್ನೂ ಬೇರ್ಪಡಿಸುವ ಒಂದು ಗುರುತು ಮಾತ್ರ. ಚುಕ್ಕಿಯ ಎಡಕ್ಕೆ ಮೂರು, ಬಲಕ್ಕೆ ಐದು. ಗಂಟೆ ನಿಮಿಷಗಳನ್ನು ನಾವು ಬರೆಯುವುದು ಹಾಗೆಯೇ ಅಲ್ಲವೇ? ಮೇಲಿನ ಉತ್ತರದಲ್ಲಿ 8.30 ಎಂದಿದೆ, ಅಲ್ಲಿ ಚುಕ್ಕಿಯ ನಂತರದ ಮೂರು ಹತ್ತನೆಯ ಒಂದಂಶವನ್ನು ತೋರಿಸುವುದಿಲ್ಲ. ಆದ್ದರಿಂದ ಚುಕ್ಕಿಯ ಬಲಕ್ಕೆ ಮೊದಲ ಮನೆ ಹತ್ತನೆಯದು, ಎರಡನೆಯ ಮನೆ ನೂರನೆಯದು ಎಂಬುದನ್ನು ಅವಳು ಕೈಯಲ್ಲಿ ಹಿಡಿದು ನೋಡಬೇಕಾಗಿದೆ.

ಒಂದು ಮೀಟರ್ ಉದ್ದದ ಕಾಗದದ ಪಟ್ಟಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ‘ಇದು ಒಂದು ಇಂಚು ಮಳೆ’ ಎಂದು ಹೇಳಿ. ಅದನ್ನು ಅವಳೇ ಹತ್ತು ಸಮಭಾಗ ಮಾಡಿ ಕೆಂಪು ಗೆರೆ ಎಳೆಯಲಿ, ಒಂದೊಂದು ಭಾಗವನ್ನೂ ಮತ್ತೆ ಹತ್ತು ಮಾಡಿ ನೀಲಿ ಗೆರೆ ಎಳೆಯಲಿ. ಐದು ಸೆಂಟು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿದರೆ ಬೆರಳು ಮೊದಲ ಕೆಂಪು ಗೆರೆಯನ್ನು ಕೂಡ ಮುಟ್ಟಿರುವುದಿಲ್ಲ. ‘ಹಾಗಾದರೆ ಕೆಂಪಿನ ಮನೆಯಲ್ಲಿ ಎಷ್ಟು ಬರೆಯುತ್ತೀಯೆ?’ ಎಂದು ಆಗ ಕೇಳಿ. ಆ ಸೊನ್ನೆಯನ್ನು ನೀವು ಹೇಳಿಕೊಡಬೇಡಿ, ಅವಳೇ ಇಡಲಿ. ಒಂದಷ್ಟು ದಿನ ಮಳೆ ಪುಸ್ತಕದಲ್ಲಿಯೂ ಇಂಚು, ಹತ್ತನೆಯದು, ನೂರನೆಯದು ಎಂದು ಮೂರು ಕಲಮುಗಳನ್ನು ಎಳೆದುಕೊಡಿ. ಅಭ್ಯಾಸವಾದ ಮೇಲೆ ಕಲಮುಗಳು ಬೇಕಾಗುವುದಿಲ್ಲ. ಜಮೀನಿನ ಸೆಂಟೂ ಎಕರೆಯ ನೂರನೆಯ ಒಂದು ಭಾಗವೇ ಆದ್ದರಿಂದ ನಿಮ್ಮ ತೋಟದ ಪಹಣಿಯನ್ನು ಅದೇ ಪಟ್ಟಿಯ ಪಕ್ಕದಲ್ಲಿಟ್ಟು ಓದಿಸಬಹುದು.

ಹಂತ ಹಂತವಾಗಿ ಬರೆಯಲು ಒಪ್ಪುವುದಿಲ್ಲ ಎಂಬುದು ಇದಕ್ಕಿಂತ ದೊಡ್ಡ ವಿಷಯ, ಮತ್ತು ಇದರಲ್ಲಿ ನಾನು ಮಗುವಿನ ಪಕ್ಷ. ಉತ್ತರ ಬಾಯಲ್ಲೇ ಬಂದಿದೆ, ಕೇಳಿದ ತಾಯಿಗೂ ಅದು ಗೊತ್ತಿದೆ, ವ್ಯಾಪಾರಿ ಹಣವನ್ನೂ ಕೊಟ್ಟು ಹೋಗಿದ್ದಾನೆ. ಹೀಗಿರುವಾಗ ಹಂತಗಳನ್ನು ಯಾರಿಗಾಗಿ ಬರೆಯಬೇಕು? ತನ್ನ ಬರಹವನ್ನು ನಂಬಿಕೊಂಡು ಬೇರೊಬ್ಬರು ಕೆಲಸ ಮಾಡಬೇಕಾದ ಸಂದರ್ಭ ಬಂದಾಗ ಮಕ್ಕಳು ಬರೆಯುತ್ತಾರೆ, ಚೊಕ್ಕವಾಗಿಯೇ ಬರೆಯುತ್ತಾರೆ. ತರಗತಿಯಲ್ಲಿಯೂ ನಾನು ಕಂಡದ್ದು ಇದನ್ನೇ. ಶಾಲೆಯ ಬಿಸಿಯೂಟದ ಸಾಮಾನಿನ ಪಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟಾಗ, ಅಭ್ಯಾಸ ಪುಸ್ತಕದಲ್ಲಿ ಒಂದು ಸಾಲನ್ನೂ ನೆಟ್ಟಗೆ ಬರೆಯದವರು ಕಲಮು ಎಳೆದು, ಮೊತ್ತವನ್ನು ಎರಡು ಸಲ ಪರೀಕ್ಷಿಸಿ ಕೊಡುತ್ತಿದ್ದರು.

ನಿಮ್ಮ ಮನೆಯಲ್ಲಿ ಅಂಥ ಸಂದರ್ಭಗಳು ಬೇಕಾದಷ್ಟಿವೆ. ವಾರದ ಕೂಲಿಯ ಪಟ್ಟಿಯನ್ನು ಅವಳು ಬರೆಯಲಿ, ಆದರೆ ಅವಳ ತಂದೆ ಅದನ್ನು ಪಕ್ಕದಲ್ಲಿ ನಿಂತು ಕೇಳಬಾರದು. ಕಾಗದವನ್ನು ನೋಡಿಯೇ ಹಣ ಎಣಿಸಬೇಕು, ಹಣ ಪಡೆದವರು ತಮ್ಮ ಸಾಲನ್ನು ಓದಿ ನೋಡಿ ಪ್ರಶ್ನೆ ಕೇಳುವಂತಿರಬೇಕು. ಸುಂಟಿಕೊಪ್ಪದ ಮಕ್ಕಳಿಗೆ ಕಳುಹಿಸುವ ಮಳೆ ಅಂಕಿಗಳೂ ಈ ಬಗೆಯವೇ. ತಾನು ಬರೆದ 3.5ನ್ನು ಅವರು ತಮ್ಮ ನಕ್ಷೆಯಲ್ಲಿ ಗುರುತಿಸಿ, ‘ನಿಮ್ಮಲ್ಲಿ ಅಷ್ಟೊಂದು ಮಳೆಯಾಯಿತೇ?’ ಎಂದು ಕೇಳಿದರೆ ತಿದ್ದುವ ಕೆಲಸ ತಾಯಿಯ ಪಾಲಿಗೆ ಬರುವುದಿಲ್ಲ.

ಮಳೆಗಾಲಕ್ಕೆ ಒಂದು ಕೆಲಸವನ್ನು ಬಿಡಿಸಿ ಹೇಳುತ್ತೇನೆ. ಪಣಂಪುಳಿ ಹಣ್ಣು ಉದುರುವ ಕಾಲವಿದು. ಹಣ್ಣನ್ನು ಬುಟ್ಟಿಯಲ್ಲಿಟ್ಟು ತಾನಾಗಿಯೇ ಇಳಿಯುವ ರಸವನ್ನು ಹಿಡಿದು, ಅಡುಗೆಗೆ ಹಾಕುವ ಕಪ್ಪು ಹುಳಿಯಾದ ಕಾಚಂಪುಳಿ ಕಾಯಿಸುವುದನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಮಕ್ಕಳಿಗೆ ಒಂದು ಬಿದಿರಿನ ಕಡ್ಡಿ ಕೊಡಿ. ಆರಂಭದಲ್ಲಿ ರಸ ಎಲ್ಲಿಯವರೆಗೆ ಇದೆಯೋ ಅಲ್ಲಿ ಒಂದು ಕಚ್ಚು, ಆಮೇಲೆ ಕಾಲು ಗಂಟೆಗೊಮ್ಮೆ ದೊಡ್ಡವರು ಕಡ್ಡಿಯನ್ನು ಅದ್ದಿ ತೆಗೆದಾಗ ಹಸಿ ನಿಂತಲ್ಲಿ ಒಂದೊಂದು ಕಚ್ಚು. ಪಾತ್ರೆಯ ಬದಿ ನೇರವಾಗಿದ್ದು ಒಲೆಯ ಉರಿ ಒಂದೇ ಸಮನೆ ಇದ್ದರೆ ಕಚ್ಚುಗಳ ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ, ಉರಿ ತಗ್ಗಿದ ಹೊತ್ತಿನಲ್ಲಿ ಅಂತರ ಕಿರಿದಾಗಿರುತ್ತದೆ. ಒಲೆಯ ಮುಂದೆ ಯಾರು ಯಾವಾಗ ಸೌದೆ ಒಟ್ಟಲು ಮರೆತರು ಎಂಬುದು ಕೂಡ ಕಡ್ಡಿಯ ಮೇಲೆ ದಾಖಲಾಗಿರುತ್ತದೆ. ರಸ ಕಪ್ಪಾಗಿ ಮಂದವಾಗುವ ಹೊತ್ತಿಗೆ ಮೊದಲಿನ ಎಷ್ಟನೆಯ ಒಂದು ಭಾಗ ಉಳಿಯಿತು ಎಂಬುದು ಭಿನ್ನರಾಶಿ, ಕಡ್ಡಿಯ ಕಚ್ಚುಗಳನ್ನು ಕಾಗದಕ್ಕೆ ತಂದರೆ ಅದೇ ರೇಖಾನಕ್ಷೆ. ಹುಳಿ ಪದಾರ್ಥವಾದ್ದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ, ಮಣ್ಣಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ. ಎಲ್ಲವೂ ಆದ ಮೇಲೆ ಮಾಡುವ ವಿಧಾನವನ್ನು ಮಗಳು ಬರೆಯಲಿ, ಮೊದಲು ಅರೆಭಾಷೆಯಲ್ಲಿ, ಅಜ್ಜಿ ಹೇಳಿದ ಹಾಗೆಯೇ, ಅನಂತರ ಕನ್ನಡದಲ್ಲಿ. ಮುಂದಿನ ಬುಟ್ಟಿಯನ್ನು ಮಗ ಆ ಕಾಗದವನ್ನು ನೋಡಿಕೊಂಡೇ ಹಿರಿಯರ ಕೈಯಲ್ಲಿ ಮಾಡಿಸಬೇಕು, ಅಕ್ಕನನ್ನು ಏನೂ ಕೇಳಬಾರದು. ಯಾವ ಹಂತ ಬಿಟ್ಟುಹೋಗಿದೆ ಎಂಬುದು ಆಗ ಅವಳಿಗೇ ತಿಳಿಯುತ್ತದೆ.

ಹಾಗೆಂದು ಎಲ್ಲ ಕೆಲಸವನ್ನೂ ಪಾಠ ಮಾಡಬೇಡಿ ಎಂಬ ಒಂದು ಮನವಿಯೂ ಇದೆ. ಕಣಿಲೆ (ಎಳೆ ಬಿದಿರಿನ ಮೊಳಕೆ) ಹೆಚ್ಚುವಾಗ ಹೆಚ್ಚುವುದಷ್ಟೇ ಇರಲಿ. ಅದನ್ನು ನೀರು ಬದಲಾಯಿಸಿ ನೆನೆಸುವುದು ಏಕೆ ಎಂದು ಮಗು ಕೇಳಿದರೆ, ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ನೆನೆಸಿ ಬೇಯಿಸಿದರೆ ಅದು ಹೋಗುತ್ತದೆ ಎಂದು ಹೇಳಿ. ಕೇಳದಿದ್ದರೆ ಪಲ್ಯ ತಿನ್ನಲು ಬಿಡಿ.

ಉತ್ತರ: ಏಲಕ್ಕಿ ಮಲೆ, ಈಗ ಪೊನ್ನಂಪೇಟೆ

ನಾನು ಹತ್ತನೆಯ ತರಗತಿಯವರೆಗೆ ಮನೆಯಲ್ಲಿಯೇ ಕಲಿತವನು, ಈಗ ಅರಣ್ಯಶಾಸ್ತ್ರದ ವಿದ್ಯಾರ್ಥಿ. ಮಕ್ಕಳ ಕಡೆಯಿಂದ ಕಂಡದ್ದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಶಿಕ್ಷಕಿಯವರ ಮಾತು ನನ್ನ ಅನುಭವಕ್ಕೆ ಪೂರ್ಣವಾಗಿ ಹೊಂದುತ್ತದೆ. ನನ್ನ ಬರವಣಿಗೆ ಸುಧಾರಿಸಿದ್ದು ತಂದೆಯವರು ಏಲಕ್ಕಿ ಒಣಗಿಸುವ ಗೂಡಿನ ರಾತ್ರಿಪಾಳಿಯ ಪುಸ್ತಕವನ್ನು ನನಗೆ ವಹಿಸಿದ ಮೇಲೆ. ಎಷ್ಟು ಹೊತ್ತಿಗೆ ಎಷ್ಟು ಬಿಸಿ ಇತ್ತು, ಯಾವ ತಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಬದಲಾಯಿಸಲಾಯಿತು ಎಂದು ನಾನು ಬರೆದಿಟ್ಟು ಮಲಗಿದರೆ, ನಡುರಾತ್ರಿಯಲ್ಲಿ ಎದ್ದವರು ಅದನ್ನೇ ಓದಿ ಮುಂದಿನ ಕೆಲಸ ಮಾಡುತ್ತಿದ್ದರು. ಬಿಸಿ ಮಿತಿಮೀರಿದರೆ ಏಲಕ್ಕಿಯ ಹಸಿರು ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಬೆಲೆ ಹೋಗುತ್ತದೆ. ಹೀಗಾಗಿ ನನ್ನ ಅಂಕಿಗಳು ಓದಲು ಬರುವಂತಿರಬೇಕೆಂದು ಯಾರೂ ನನಗೆ ಬೋಧಿಸಬೇಕಾಗಲಿಲ್ಲ.

ಆದರೆ ಕೆಲಸದಿಂದಲೇ ಎಲ್ಲವೂ ಬರುತ್ತದೆ ಎಂದು ನಂಬಬೇಡಿ ಎಂದು ವಿನಯದಿಂದ ಹೇಳಬಯಸುತ್ತೇನೆ. ಶೇಕಡಾವಾರು, ಅನುಪಾತ, ವಿಸ್ತೀರ್ಣ ಇವೆಲ್ಲ ತೋಟದಲ್ಲಿ ಸಿಗುತ್ತವೆ, ಬೀಜಗಣಿತ ಸಿಗುವುದಿಲ್ಲ. ಅದಕ್ಕೆ ಪುಸ್ತಕದ ಮುಂದೆ ಕುಳಿತೇ ಕಲಿಯಬೇಕು, ದಿನವೂ ಸ್ವಲ್ಪ ಹೊತ್ತು, ಮತ್ತು ಹನ್ನೆರಡು ಅದಕ್ಕೆ ಸರಿಯಾದ ವಯಸ್ಸು. ನಿಮ್ಮ ಮಗಳಿಗೆ ಬಾಗಿಲು ಆಗಲೇ ತೆರೆದಿದೆ: 100 ಗ್ರಾಂ ಚೆರ್ರಿಯಲ್ಲಿ ಸಿಕ್ಕ ಬೀಜದ ತೂಕ ಏನೇ ಇರಲಿ ಅದರ ಅರ್ಧವೇ ಔಟ್‌ಟರ್ನ್ ಎಂಬುದನ್ನು ಅವಳು ಬಲ್ಲಳು. ‘ಏನೇ ಇರಲಿ’ ಎಂಬಲ್ಲಿ ಒಂದು ಅಕ್ಷರವನ್ನು ಇಟ್ಟುಬಿಟ್ಟರೆ ಸಮೀಕರಣವಾಯಿತು.

ಪರೀಕ್ಷೆಯ ವಿಷಯ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್ ಮೂಲಕ ನಾನು ಹತ್ತನೆಯ ತರಗತಿ ಮುಗಿಸಿದೆ. ಹದಿನಾಲ್ಕು ವರ್ಷ ತುಂಬಿರಬೇಕು, ಭಾಷೆಯೂ ಸೇರಿ ಐದು ವಿಷಯಗಳನ್ನು ಆರಿಸಿಕೊಳ್ಳಬೇಕು. ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ನಡೆಯುತ್ತದೆ. ಒಂದೇ ಸಲಕ್ಕೆ ಎಲ್ಲ ವಿಷಯಗಳನ್ನೂ ಬರೆಯಬೇಕೆಂಬ ನಿಯಮವಿಲ್ಲ. ನೋಂದಣಿ ಐದು ವರ್ಷ ಜೀವಂತವಾಗಿರುತ್ತದೆ. ಮನೆಯಲ್ಲಿ ಬರೆದು ಒಪ್ಪಿಸಬೇಕಾದ ನಿಯೋಜಿತ ಕಾರ್ಯಕ್ಕೂ ಅಂಕಗಳಿವೆ. ಆದರೆ ಗಂಟೆಗಟ್ಟಲೆ ಕುಳಿತು ಕೈಯಿಂದ ಬರೆಯುವ ಅಭ್ಯಾಸ ಪರೀಕ್ಷೆಯ ವರ್ಷದಲ್ಲಿ ಒಮ್ಮೆಲೇ ಬರುವುದಿಲ್ಲ. ಮಳೆಗಾಲದ ಮಧ್ಯಾಹ್ನಗಳನ್ನು ಅದಕ್ಕೆ ಬಳಸಿಕೊಳ್ಳಬಹುದು.

ಜಗಲಿಯಲ್ಲಿ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ನಾನು ಕೇಳಿದ ಪ್ರಶ್ನೆಗಳಿಗೆ ನಮ್ಮ ಮನೆಯಲ್ಲಿ ಸಿಕ್ಕ ಮೊದಲ ಉತ್ತರ ಇದು. ಒಂದೇ ಅಳತೆಯ ಎರಡು ತಗಡಿನ ತಟ್ಟೆಗಳಲ್ಲಿ ಒಂದೇ ಮಣ್ಣು ತುಂಬಿ, ಒಂದರಲ್ಲಿ ರಾಗಿ ಚೆಲ್ಲಿ ಮೊಳೆತು ಬೇರೂರುವವರೆಗೆ ಕಾದು, ಆಮೇಲೆ ಎರಡನ್ನೂ ಒಂದೇ ಇಳಿಜಾರಿನಲ್ಲಿ ಓರೆಯಾಗಿಟ್ಟು, ಡಬ್ಬಿಯ ತಳಕ್ಕೆ ತೂತು ಮಾಡಿ ಸಮನಾಗಿ ನೀರು ಸುರಿಸಬೇಕು. ಕೆಳಗೆ ಇಟ್ಟ ಗಾಜಿನ ಲೋಟಗಳಲ್ಲಿ ಬರಿಯ ಮಣ್ಣಿನ ಕಡೆಯದು ಬೇಗ ತುಂಬುತ್ತದೆ, ಕೆಂಪಗೂ ಇರುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ತಳದಲ್ಲಿ ಕುಳಿತ ಮಣ್ಣನ್ನು ಅಳತೆಪಟ್ಟಿಯಿಂದ ಅಳೆಯಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇದು ತೋರಿಸುವುದು ಮೇಲ್ಮಣ್ಣಿನ ಕೊಚ್ಚಣೆಯನ್ನು ಮಾತ್ರ. ದೊಡ್ಡ ಕುಸಿತದಲ್ಲಿ ನೀರು ಆಳಕ್ಕೆ ಇಳಿದು ಮಣ್ಣಿನ ಪದರಗಳಲ್ಲಿ ಒತ್ತಡ ಏರುತ್ತದೆ, ಬುಡವನ್ನು ರಸ್ತೆಗೋ ಮನೆಗೋ ಕತ್ತರಿಸಿದ್ದರೆ ಆಸರೆ ತಪ್ಪುತ್ತದೆ, ಆಗ ಮರಗಳ ಸಮೇತ ಇಡೀ ಇಳಿಜಾರೇ ಸರಿಯುತ್ತದೆ. ಹುಲ್ಲು ನೆಟ್ಟರೆ ಗುಡ್ಡ ಉಳಿಯುತ್ತದೆ ಎಂಬ ಸುಲಭದ ತೀರ್ಮಾನದೊಂದಿಗೆ ಮಕ್ಕಳನ್ನು ಬಿಡಬಾರದು.

ಕೊನೆಯದಾಗಿ ಒಡನಾಟ. ಮಳೆಗಾಲದಲ್ಲಿ ನನಗೆ ಬೇಸರವಾಗುತ್ತಿದ್ದುದು ಪಾಠದ ಕೊರತೆಯಿಂದಲ್ಲ, ಜೊತೆಗಾರರ ಕೊರತೆಯಿಂದ. ನಾಟಿಯ ದಿನ ಗದ್ದೆಗೆ ಇಳಿಯುವ ಅವಕಾಶವಿದ್ದರೆ ಅಕ್ಕಪಕ್ಕದ ಮಕ್ಕಳನ್ನೂ ಕರೆಯಿರಿ. ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಹದಿನೆಂಟನೆಯ ದಿನ ಮದ್ದುಸೊಪ್ಪು ಎಂಬ ಔಷಧಿ ಸೊಪ್ಪಿನ ಪಾಯಸಕ್ಕೆ ಸೊಪ್ಪು ಬೇಯಿಸಿದಾಗ ಆ ನೇರಳೆ ರಸದಲ್ಲಿ ಸ್ವಲ್ಪವನ್ನು ಬೇರೆ ತೆಗೆದಿಟ್ಟು ಒಂದು ಲೋಟಕ್ಕೆ ನಿಂಬೆರಸ, ಇನ್ನೊಂದಕ್ಕೆ ಸುಣ್ಣದ ತಿಳಿ ಹಾಕಿ, ಪಕ್ಕದಲ್ಲಿ ಅರಿಸಿನದ ನೀರನ್ನೂ ಇಟ್ಟು ಮಕ್ಕಳೆಲ್ಲ ಸೇರಿ ನೋಡಲಿ. ಸುಣ್ಣಕ್ಕೆ ಅರಿಸಿನ ಕೆಂಪಾಗುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು; ಮದ್ದುಸೊಪ್ಪು ಏನಾಗುತ್ತದೆ ಎಂದು ಮೊದಲೇ ಹೇಳಿಬಿಡಬೇಡಿ. ಬಣ್ಣ ನೋಡಿದ ಲೋಟಗಳನ್ನು ಚೆಲ್ಲಿಬಿಡಿ.

ಮರುಪ್ರಶ್ನೆ: ಹೊಳೆಬದಿಯ ತಾಯಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಕಾಗದದ ಪಟ್ಟಿ ಈಗ ಗೋಡೆಯ ಮೇಲಿದೆ. ಐದು ಸೆಂಟನ್ನು ತೋರಿಸಲು ಹೇಳಿದಾಗ ಮಗಳು ಬೆರಳಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದು ಹತ್ತನೆಯದರ ಅರ್ಧ’ ಎಂದಳು. ನಾನು ಅಷ್ಟನ್ನು ನಿರೀಕ್ಷಿಸಿರಲಿಲ್ಲ. ಅಜ್ಜನ ಹಳೆಯ ಡೈರಿಗಳನ್ನು ತೆರೆದು ಅವರು ಆ ಸೊನ್ನೆಯನ್ನು ಹೇಗೆ ಬರೆಯುತ್ತಿದ್ದರು ಎಂದು ಹುಡುಕುವುದು ಅವಳದೇ ಯೋಚನೆ. ಸುಂಟಿಕೊಪ್ಪದವರ ಆಹ್ವಾನಕ್ಕೆ ನಮ್ಮ ಒಪ್ಪಿಗೆಯಿದೆ. ಪ್ರತಿ ಭಾನುವಾರ ಅಂಕಿಗಳನ್ನು ಕಳುಹಿಸುತ್ತೇವೆ, ನೆಟ್‌ವರ್ಕ್ ಇಲ್ಲದಿದ್ದರೆ ಮುಂದಿನ ವಾರದ್ದರ ಜೊತೆಗೆ.

ಶಿಕ್ಷಕಿಯವರಲ್ಲಿ ಒಂದು ಪ್ರಶ್ನೆ ಉಳಿದಿದೆ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಬಂದವರು ನಮ್ಮ ಮಕ್ಕಳ ಹೆಸರನ್ನು ಕೇಳಿಕೊಂಡು ಹೋಗಿದ್ದಾರೆ. ಕಾನೂನಿನ ದೃಷ್ಟಿಯಿಂದ ನಮ್ಮ ಸ್ಥಾನವೇನು?

ಉತ್ತರ: ನಿವೃತ್ತ ಶಿಕ್ಷಕಿ, ಸೋಮವಾರಪೇಟೆ

ಇರುವುದನ್ನು ಇರುವಂತೆಯೇ ಹೇಳುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ, 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಅದರ 10ನೆಯ ಪ್ರಕರಣದ ಪ್ರಕಾರ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯರ ಕರ್ತವ್ಯ. ಆ ಕರ್ತವ್ಯಕ್ಕೆ ತಪ್ಪಿದ ಪಾಲಕರಿಗೆ ಆ ಪ್ರಕರಣದಲ್ಲಿ ದಂಡವನ್ನು ಹೇಳಿಲ್ಲ. ಹಾಗೆಯೇ ಮನೆಶಾಲೆಗೆ ಸ್ಪಷ್ಟವಾದ ಅನುಮತಿಯನ್ನೂ ಕಾಯ್ದೆ ಎಲ್ಲಿಯೂ ಕೊಟ್ಟಿಲ್ಲ. ಆದ್ದರಿಂದ ಸಮೀಕ್ಷೆಗೆ ಬರುವವರನ್ನು ಎದುರಾಳಿಗಳೆಂದು ಭಾವಿಸಬೇಡಿ. ಮದುವೆಗೋ ದುಡಿಮೆಗೋ ಶಾಲೆ ಬಿಡಿಸಿದ ಮಕ್ಕಳನ್ನು ಹುಡುಕುವುದು ಅವರ ಕೆಲಸ, ಮತ್ತು ನಮ್ಮ ಜಿಲ್ಲೆಯಲ್ಲಿ ತೋಟದ ಕೆಲಸಗಾರರ ಲೈನ್‌ಮನೆಗಳಲ್ಲಿ, ಬುಡಕಟ್ಟು ಜನರ ಹಾಡಿಗಳಲ್ಲಿ ಅಂಥ ಮಕ್ಕಳು ಇದ್ದಾರೆ. ಕುಳ್ಳಿರಿಸಿ, ಮಕ್ಕಳೊಂದಿಗೆ ಮಾತನಾಡಲು ಬಿಟ್ಟು, ದಿನಾಂಕ ಹಾಕಿದ ಮಳೆ ಪುಸ್ತಕವನ್ನೂ ಮಗಳು ಬರೆದ ಕೂಲಿ ಪಟ್ಟಿಯನ್ನೂ ತೋರಿಸಿ. ಕೂಲಿ ಪಟ್ಟಿ ಕಂಡರೆ ಮಕ್ಕಳು ದುಡಿಯುತ್ತಿದ್ದಾರೆಯೇ ಎಂದು ಅವರು ಕೇಳಬಹುದು, ಕೇಳಬೇಕಾದದ್ದೂ ಹೌದು. ಕುಯ್ಲಿನಲ್ಲಿ ಮಕ್ಕಳ ಪಾಲು ಎಷ್ಟು, ಓದಿಗೆ ಉಳಿಯುವ ಸಮಯ ಎಷ್ಟು ಎಂದು ನೇರವಾಗಿ ಹೇಳಿ.

ಮುಂದೆ ಎಂದಾದರೂ ಶಾಲೆಗೆ ಸೇರಿಸುವ ಮನಸ್ಸಾದರೆ 4ನೆಯ ಪ್ರಕರಣವಿದೆ. ಹಿಂದೆ ಯಾವ ಶಾಲೆಗೂ ಸೇರದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕು ಆ ಮಗುವಿಗಿದೆ. ಸದ್ಯಕ್ಕೆ ರಾಜ್ಯದ ಪಠ್ಯಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಏಳನೆಯ ತರಗತಿಯ ಗಣಿತವನ್ನು ಮಳೆ ಜೋರಾಗಿ ನೆಟ್‌ವರ್ಕ್ ಹೋಗುವ ಮೊದಲೇ ಮುದ್ರಿಸಿ ತಂದಿಟ್ಟುಕೊಳ್ಳಿ, ಮೇಲೆ ಆ ಯುವಕ ಹೇಳಿದ ಬೀಜಗಣಿತಕ್ಕೆ ಅದು ಬೇಕಾಗುತ್ತದೆ.